ಹಳದಿ ಬಣ್ಣದ ಜಾಗಕ್ಕೆ ಲಾರಿ ಸ್ಟ್ಯಾಂಡ್ ಯಾಕೆ?

ಸಂಪಾದಕರೇ,

ನಮ್ಮ ಬಡಾವಣೆ ಪಕ್ಕದ ಖಾಲಿ ವಸತಿ ಜಾಗದಲ್ಲಿ ಲಾರಿ ಸ್ಟ್ಯಾಂಡ್ ಮಾಡಲು ಹೊರಟಿದ್ದಾರೆ, ಅದರ ಬಗ್ಗೆ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕ್ಷಮಿಸಿ. ಕತ್ತರಿಸಲೇಬೇಕು ಅಂದರೆ ನನ್ನ ಗೋಳು ಕತ್ತರಿಸಿ, ಕಾನೂನಿನ ಭಾಗ ಮಾತ್ರ ಉಳಿಸಿಕೊಡಿ. ಅದು ಬೇರೆ ಬಡಾವಣೆಯವರಿಗೂ ಉಪಯೋಗಕ್ಕೆ ಬರಬಹುದು.

ಹೋದ ವಾರ ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟ್ರು ನಮ್ಮ ಗೇಟ್ ಹತ್ತಿರ ಬಂದು, "ಇದನ್ನ ನೋಡಿದ್ರಾ?" ಅಂತ ಒಂದು ಹಳೇ ಪೇಪರ್ ಮಡಚಿ ಕೈಗೆ ಕೊಟ್ಟರು. ಮಗಳ ಮನೆಗೆ ಹೋಗಿ ವಾಪಸ್ ಬಂದವರು, ಬಾಕಿ ಉಳಿದ ಪೇಪರ್‌ಗಳನ್ನೆಲ್ಲ ಒಟ್ಟಿಗೆ ಓದುತ್ತಾ ಕೂತಿದ್ದರಂತೆ. ಒಳಪುಟದ ಮೂಲೆ. ಮೇಲೆ ಹೆಸರು ಬದಲಾವಣೆ ಜಾಹೀರಾತು, ಕೆಳಗೆ ಯಾವುದೋ ಟೆಂಡರ್, ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ರಕಟಣೆ. ನಾಲ್ಕು ಸರ್ವೆ ನಂಬರ್‌ಗಳು, "ವಸತಿ ಬಳಕೆಯಿಂದ ಸಾರಿಗೆ ಹಾಗೂ ವಾಣಿಜ್ಯ ಬಳಕೆಗೆ" ಅನ್ನುವ ಒಂದು ಸಾಲು, ಆಕ್ಷೇಪಣೆ ಇದ್ದರೆ 15 ದಿನಗಳೊಳಗೆ ಲಿಖಿತವಾಗಿ ಕೊಡಬೇಕು ಅಂತ ಇನ್ನೊಂದು ಸಾಲು. ಅಷ್ಟೇ. ಲಾರಿ ಅನ್ನುವ ಪದ ಎಲ್ಲೂ ಇಲ್ಲ. ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವ ಮೇಷ್ಟ್ರು ಒಬ್ಬರು ನಮ್ಮ ಬೀದಿಯಲ್ಲಿ ಇರದೇ ಹೋಗಿದ್ದರೆ ನಮಗೆ ವಿಷಯ ಗೊತ್ತಾಗುತ್ತಿದ್ದದ್ದು ಜೆಸಿಬಿ ಬಂದ ದಿನ. ಅವರು ನೋಡುವಷ್ಟರಲ್ಲಿ ಆರು ದಿನ ಕಳೆದುಹೋಗಿತ್ತು.

ಮರುದಿನ ನಾವು ನಾಲ್ಕು ಜನ ಪ್ರಕಟಣೆ ಕೊಟ್ಟ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋದೆವು. ಫೈಲ್ ತೋರಿಸಿ ಅಂದರೆ, "ಆರ್‌ಟಿಐ ಹಾಕಿ" ಅಂದರು. ಆರ್‌ಟಿಐ ಉತ್ತರಕ್ಕೆ ಕಾಯ್ದೆಯಲ್ಲೇ 30 ದಿನ ಇದೆ. ಆಕ್ಷೇಪಣೆಗೆ 15 ದಿನ. ಲೆಕ್ಕ ನೀವೇ ಮಾಡಿ. ಅರ್ಧ ಗಂಟೆ ಅಲ್ಲೇ ನಿಂತ ಮೇಲೆ ಒಬ್ಬರಿಗೆ ಪಾಪ ಅನ್ನಿಸಿತೋ ಏನೋ, ನಕ್ಷೆಯನ್ನು ಎರಡು ನಿಮಿಷ ಮೇಜಿನ ಮೇಲೆ ಹರಡಿದರು. ಫೋಟೋ ತೆಗೆಯಬೇಡಿ ಅಂದರು. ಲಾರಿ ನಿಲ್ಲಿಸಲು ಸಾಲು ಸಾಲು ಗೆರೆ, ಡೀಸೆಲ್ ಬಂಕ್, ಟೈರ್ ಪಂಕ್ಚರ್ ಮತ್ತು ಸರ್ವಿಸ್ ಶೆಡ್, ಹೋಟೆಲ್, ಲಾರಿ ತೂಗುವ ವೇಬ್ರಿಡ್ಜ್. ಇದೆಲ್ಲ ಹೋಗಲಿ ಅಂದುಕೊಂಡರೂ ಗೇಟ್ ನೋಡಿ ನಮಗೆ ಎದೆ ಝಲ್ ಅಂದಿತು. ಜಾಗದ ಒಂದು ಕಡೆ ಹೆದ್ದಾರಿ ಇದೆ, ಇನ್ನೊಂದು ಕಡೆ ನಮ್ಮ ಬಡಾವಣೆಯ 12 ಮೀಟರ್ ರಸ್ತೆ. ಗೇಟ್ ಇಟ್ಟಿರುವುದು ನಮ್ಮ ರಸ್ತೆಗೆ!

ಯಾಕೆ ಅಂತ ಆಮೇಲೆ ಗೊತ್ತಾಯಿತು. ರಾಷ್ಟ್ರೀಯ ಹೆದ್ದಾರಿಗೆ ಯಾರೂ ತಮಗೆ ಬೇಕಾದ ಕಡೆ ಬಾಗಿಲು ತೆರೆಯುವಂತಿಲ್ಲ, ಅದಕ್ಕೆ ಹೆದ್ದಾರಿಯವರಿಂದ ಪ್ರತ್ಯೇಕ ಅನುಮತಿ ತೆಗೆದುಕೊಳ್ಳಬೇಕು. ವೇಗವಾಗಿ ಬರುವ ವಾಹನಗಳ ನಡುವೆ ಲಾರಿ ಅಡ್ಡ ನುಗ್ಗಿದರೆ ಅಪಘಾತ ಆಗುತ್ತದೆ ಅನ್ನುವ ಕಾರಣಕ್ಕೆ ಈ ನಿಯಮ. ಒಳ್ಳೆಯ ನಿಯಮವೇ. ಆದರೆ ಇಲ್ಲಿ ಏನಾಗಿದೆ ನೋಡಿ, ಹೆದ್ದಾರಿಯಲ್ಲಿ ಹೋಗುವವರಿಗೆ ಅಪಾಯ ಅಂತ ಬೇಡವಾದ ಗೇಟು ಮಕ್ಕಳು ಸೈಕಲ್ ಕಲಿಯುವ ರಸ್ತೆಗೆ ಬಂದು ಕೂತಿದೆ.

ನಾವು ಸುಮ್ನೆ ಹೆದರುತ್ತಿಲ್ಲ. ಲಾರಿ ನಿಂತರೆ ಏನಾಗುತ್ತದೆ ಅನ್ನುವುದರ ರುಚಿ ನಮಗೆ ಆಗಲೇ ಸಿಕ್ಕಿದೆ. ಹಿಂದೆ ಹೆದ್ದಾರಿ ಕೆಲಸ ನಡೆಯುತ್ತಿದ್ದಾಗ ಕೆಲವು ವಾರ ಆ ಖಾಲಿ ಜಾಗದಲ್ಲಿ ರಾತ್ರಿ ಐದಾರು ಲಾರಿ ನಿಲ್ಲುತ್ತಿದ್ದವು. ಬರೀ ಐದಾರು. ಮೊದಲು ಬರುವುದು ಸದ್ದಲ್ಲ, ನಡುಕ. ಅಡುಗೆಮನೆ ಶೆಲ್ಫ್ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟ ಸ್ಟೀಲ್ ಲೋಟಗಳು ಟಿಣಿಟಿಣಿ ಅನ್ನಲು ಶುರುವಾಗುತ್ತಿದ್ದವು, ಎಂಜಿನ್ ನಿಲ್ಲುವ ತನಕ ಅದೇ. ನನ್ನ ಹೆಂಡತಿ ಎದ್ದು ಹೋಗಿ ಲೋಟಗಳ ನಡುವೆ ಬಟ್ಟೆ ತುರುಕಿ ಬರುತ್ತಿದ್ದಳು. ಆಮೇಲೆ ಏರ್ ಬ್ರೇಕಿನ ಪುಸ್ ಅನ್ನುವ ಶಬ್ದ. ಆಮೇಲೆ ರಿವರ್ಸ್ ಹಾರ್ನ್. ಅದು ಎಂಥಾ ನಿದ್ದೆಯನ್ನೂ ಸೂಜಿ ಹಾಕಿ ತೆಗೆದ ಹಾಗೆ ತೆಗೆಯುತ್ತದೆ, ಮಾಡಿರುವುದೇ ಅದಕ್ಕಲ್ವಾ, ಹಿಂದೆ ಇರುವವರಿಗೆ ಕೇಳಲಿ ಅಂತ. ಕ್ಲೀನರ್ ಹುಡುಗ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್" ಅಂತ ಕೂಗುತ್ತಾ ಲಾರಿಯ ಮೈಗೆ ಕೈಯಿಂದ ಬಡಿಯುವುದು ಬೇರೆ. ಬೆಳಿಗ್ಗೆ ಎದ್ದರೆ ತಂತಿಯ ಮೇಲೆ ಒಣಗಿದ ಬಿಳಿ ಶರ್ಟಿನ ತೋಳಿನ ಮಡಿಕೆಯಲ್ಲಿ ಕಪ್ಪು ಗೆರೆ. ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ.

ಆ ಕಪ್ಪು ಏನು ಅನ್ನುವುದರಲ್ಲಿ ಈಗ ಯಾರಿಗೂ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು, ಕಲ್ನಾರು ಇರುವ ಗುಂಪು ಅದು. ಅಪಾಯ ಅಷ್ಟೇ ಪ್ರಮಾಣದ್ದು ಅಂತ ಇದರ ಅರ್ಥ ಅಲ್ಲ, ಸಾಕ್ಷ್ಯ ಅಷ್ಟೇ ಗಟ್ಟಿ ಅಂತ ಅರ್ಥ. ಹೆದ್ದಾರಿಯಲ್ಲಿ ಹೋಗುವ ಲಾರಿ ಹೊಗೆ ಬಿಟ್ಟುಕೊಂಡು ಮುಂದೆ ಹೋಗುತ್ತದೆ. ನಿಂತ ಲಾರಿ ಎಂಜಿನ್ ಚಾಲೂ ಇಟ್ಟುಕೊಂಡು ಒಂದೇ ಕಿಟಕಿಗೆ ರಾತ್ರಿಯಿಡೀ ಬಿಡುತ್ತದೆ.

"ಸ್ಟ್ಯಾಂಡಿಗೆ ಬಂದ ಮೇಲೆ ಎಂಜಿನ್ ಆಫ್ ಮಾಡುತ್ತಾರೆ ಬಿಡಿ" ಅಂತ ನಮ್ಮ ವಾರ್ಡಿನ ಮುಖಂಡರೊಬ್ಬರು ಸಮಾಧಾನ ಹೇಳಿದರು. ಅವರಿಗೆ ಒಂದು ವಿಷಯ ಗೊತ್ತಿಲ್ಲ ಅನ್ನಿಸುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್‌ಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಬಹಳ ಒಳ್ಳೆಯ ಕೆಲಸ. ಸುಡುವ ಎಂಜಿನ್ ಪಕ್ಕ ಕೂತು ಹಗಲೆಲ್ಲ ಓಡಿಸುವವರಿಗೆ ಇದು ಎಂದೋ ಸಿಗಬೇಕಿತ್ತು. ಆದರೆ ಸಾಮಾನ್ಯವಾಗಿ ಲಾರಿಯ ಎಸಿ ಓಡಬೇಕಾದರೆ ಎಂಜಿನ್ ಓಡಬೇಕು. ಸೆಕೆಯ ರಾತ್ರಿ ಕ್ಯಾಬಿನ್‌ನಲ್ಲಿ ಮಲಗುವ ಡ್ರೈವರ್ ಎಸಿ ಆಫ್ ಮಾಡಿ ಮಲಗಲಿ ಅಂತ ಹೇಳಲು ನಮಗೆ ಯಾವ ಹಕ್ಕಿದೆ? ಇನ್ನು ತರಕಾರಿ, ಔಷಧಿ, ಐಸ್‌ಕ್ರೀಂ ಸಾಗಿಸುವ ಶೀತಲ ಕಂಟೇನರ್ ಲಾರಿಗಳ ಕೂಲಿಂಗ್ ಯಂತ್ರವನ್ನಂತೂ ನಿಲ್ಲಿಸುವಂತೆಯೇ ಇಲ್ಲ, ನಿಲ್ಲಿಸಿದರೆ ಒಳಗಿನ ಮಾಲು ಹಾಳು. ಹಾಗಾಗಿ "ಎಂಜಿನ್ ಆಫ್ ಮಾಡತಕ್ಕದ್ದು" ಅಂತ ಬೋರ್ಡ್ ಹಾಕುತ್ತೇವೆ ಅನ್ನುವ ಭರವಸೆ ನಮಗೆ ಬೇಡ.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಸತಿ ಜಾಗಕ್ಕೆ ಹಳದಿ ಬಣ್ಣ ಇರುತ್ತದೆ. ನಾವು ಸೈಟ್ ತೆಗೆದುಕೊಳ್ಳುವಾಗ, ಸಾಲ ಕೊಡುವ ಬ್ಯಾಂಕಿನ ವಕೀಲರು ನೋಡುವಾಗ, ಮನೆಯ ಪ್ಲಾನ್ ಮಂಜೂರಾಗುವಾಗ ಆ ಜಾಗ ಹಳದಿಯೇ ಆಗಿತ್ತು. ಅಲ್ಲಿ ಮನೆ ಬರುತ್ತದೆ, ಅಕ್ಕಪಕ್ಕ ಜನ ಬರುತ್ತಾರೆ ಅಂದುಕೊಂಡು ನಾವು ಈ ಕಡೆ ಕಿಟಕಿ ಇಟ್ಟೆವು. ಬಣ್ಣ ಬದಲಾದರೆ ಏನು ಮಹಾ, ಬರೀ ಕಾಗದ ಅಂತ ಅನ್ನಿಸಬಹುದು. ಕಾಗದ ಅಲ್ಲ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ ಅದೇ ಹೊತ್ತಿನ ಮಿತಿ 55. ಹತ್ತೇ ತಾನೇ ಜಾಸ್ತಿ ಅನ್ನಬೇಡಿ. ಡೆಸಿಬಲ್ ಲೆಕ್ಕ ಕಿಲೋ ಲೆಕ್ಕದ ಹಾಗಲ್ಲ, ಹತ್ತು ಡೆಸಿಬಲ್ ಏರಿತು ಅಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಯಿತು ಅಂತ, ಕಿವಿಗೆ ಅದು ಹೆಚ್ಚುಕಮ್ಮಿ ಎರಡು ಪಟ್ಟು ಜೋರಾಗಿ ಕೇಳುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಹೊಡೆಯುವಂತಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ನಾಳೆ ನಾವು ದೂರು ಕೊಟ್ಟರೆ, "ಅದು ಈಗ ವಾಣಿಜ್ಯ ಜಾಗ" ಅನ್ನುತ್ತಾರೆ. ಕಾಂಪೌಂಡ್ ಈಚೆ 45, ಆಚೆ 55. ಸದ್ದಿಗೆ ಕಾಂಪೌಂಡ್ ಗೊತ್ತಾಗುತ್ತದಾ?

ಬಂಕಿನ ಬಗ್ಗೆಯೂ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ಒಳಗೆ ಬರಬಾರದು. ಬೇರೆ ದಾರಿಯೇ ಇಲ್ಲ ಅಂದರೆ ಹೆಚ್ಚಿನ ಸುರಕ್ಷತಾ ಕ್ರಮ ತೆಗೆದುಕೊಂಡು ಹತ್ತಿರ ಬರಬಹುದು, ಆಗಲೂ 30 ಮೀಟರ್ ಒಳಗೆ ಬರುವಂತೆಯೇ ಇಲ್ಲ. ನಾವು ಎರಡು ನಿಮಿಷದಲ್ಲಿ ನೋಡಿದ ನಕ್ಷೆಯಲ್ಲಿ ಬಂಕು ನಮ್ಮ ಕಡೆಯ ಮೂಲೆಗೇ ಇತ್ತು. ಎಷ್ಟು ಮೀಟರ್ ಅಂತ ಅಳೆಯಲು ನಮ್ಮ ಕೈಗೆ ನಕ್ಷೆ ಕೊಡಲಿಲ್ಲವಲ್ಲ. ಅಳತೆ ಹಾಕಿ ಎಲ್ಲರ ಮುಂದೆ ಇಡಿ ಅಂತ ಕೇಳುತ್ತಿದ್ದೇವೆ, ಅಷ್ಟೇ.

ರಸ್ತೆ. ಲಾರಿಯ ಅಗಲ 2.6 ಮೀಟರ್ ತನಕ ಇರಬಹುದು. ನಮ್ಮದು ಹೆಸರಿಗೆ 12 ಮೀಟರ್ ರಸ್ತೆ, ಚರಂಡಿ, ಕರೆಂಟ್ ಕಂಬ, ಗೇಟ್ ಮುಂದೆ ನಿಲ್ಲಿಸಿದ ಕಾರುಗಳನ್ನು ಕಳೆದರೆ ಉಳಿಯುವುದು ಎಷ್ಟು ಅಂತ ಯಾವ ಬಡಾವಣೆಯವರಿಗಾದರೂ ಗೊತ್ತು. ಒಂದು ಟ್ರೇಲರ್ ತಿರುಗಿಸಲು ಹೋಗಿ ಸಿಕ್ಕಿಕೊಂಡರೆ ಆಂಬುಲೆನ್ಸ್ ಒಳಗೂ ಬರುವಂತಿಲ್ಲ, ಹೊರಗೂ ಹೋಗುವಂತಿಲ್ಲ. ಭಾರದ್ದು ಇನ್ನೊಂದು ಕತೆ. 2018ರಲ್ಲಿ ಲಾರಿಗಳ ಆ್ಯಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಭಾರದ ಮಿತಿಯನ್ನು ಏರಿಸಿದರು, ಈಗ ಅತಿ ದೊಡ್ಡ ಟ್ರೇಲರ್‌ಗಳು ಮಾಲು ಸಮೇತ 55 ಟನ್ ತನಕ ತೂಗಬಹುದು. ಆ್ಯಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಅನ್ನುವುದು ರಸ್ತೆ ಎಂಜಿನಿಯರ್‌ಗಳು ದಶಕಗಳಿಂದ ಬಳಸುವ ಲೆಕ್ಕ. ಬಡಾವಣೆಯ ಒಳರಸ್ತೆ ಹಾಕಿರುವುದು ಕಾರು, ಸ್ಕೂಲ್ ವ್ಯಾನ್, ಅಪರೂಪಕ್ಕೆ ಒಂದು ಇಟ್ಟಿಗೆ ಲಾರಿ ಓಡಾಡಲಿ ಅಂತ. ಅದರ ಅಡಿಯಲ್ಲೇ ನೀರಿನ ಪೈಪು, ಅಡಿಯಲ್ಲೇ ಒಳಚರಂಡಿ. ಆಗ ಐದಾರು ಲಾರಿ ಬಂದಿದ್ದಕ್ಕೇ ನಮ್ಮ ತಿರುವಿನ ಒಳಚರಂಡಿ ಚೇಂಬರ್ ಮುಚ್ಚಳ ಒಡೆದು ಒಳಗೆ ಕುಸಿದಿತ್ತು. ಅದಕ್ಕೆ ಒಂದು ಗಿಡದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೆವು. ಹೊಸ ಮುಚ್ಚಳ ಬರುವಷ್ಟರಲ್ಲಿ ಕೊಂಬೆ ಚಿಗುರಿತ್ತು, ತಮಾಷೆಗೆ ಹೇಳುತ್ತಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ, ಇವರಿಗೆ ಲಾರಿಯವರನ್ನು ಕಂಡರೆ ಆಗುವುದಿಲ್ಲ ಅಂತ ಅನ್ನಿಸಬಹುದು. ದಯವಿಟ್ಟು ಹಾಗೆ ತಿಳಿಯಬೇಡಿ. ನಮ್ಮ ಮನೆಯ ಇಟ್ಟಿಗೆ, ಮರಳು, ಸಿಮೆಂಟ್ ಎಲ್ಲ ಬಂದಿದ್ದು ಲಾರಿಯಲ್ಲೇ. ನನ್ನ ಸ್ವಂತ ಚಿಕ್ಕಪ್ಪ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಈ ಜಾಗದ ಬಗ್ಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಹೆದ್ದಾರಿಯಿಂದ ಸೀದಾ ಒಳಗೆ ಬರೋಕೆ ಆಗುತ್ತೇನೋ?" ಅಂತ. ಆಗಲ್ಲ, ಬಡಾವಣೆ ಸುತ್ತಿ ಬರಬೇಕು ಅಂದೆ. "ಹಂಗಾದ್ರೆ ಅದು ಡ್ರೈವರ್‌ಗೆ ಅಲ್ಲ ಬಿಡು, ಜಾಗದ ಯಜಮಾನ್ರಿಗೆ" ಅಂದರು. ಡ್ರೈವರ್‌ಗಳಿಗೆ ನಿಲ್ಲಲು ಜಾಗ ಬೇಕೇ ಬೇಕು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಕೆಲಸ ಆಗುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಅನ್ನುತ್ತಿತ್ತು. ರಸ್ತೆ ಬದಿಯಲ್ಲಿ ಇಂಡಿಕೇಟರ್ ಕೂಡ ಇಲ್ಲದೆ ನಿಂತ ಲಾರಿಗೆ ಹಿಂದಿನಿಂದ ಬೈಕ್ ಗುದ್ದುವ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿಲ್ಲ. ನಿಲ್ಲಲು ಸರಿಯಾದ ಜಾಗ ಇಲ್ಲದಿರುವುದು ಅದಕ್ಕೆ ಒಂದು ಕಾರಣ.

ಆದರೆ ಸರಿಯಾದ ಜಾಗ ಹುಡುಕುವ ಕೆಲಸಕ್ಕೆ ವ್ಯವಸ್ಥೆ ಇದೆಯಲ್ಲ. ಹೆದ್ದಾರಿಗಳಲ್ಲಿ ಪ್ರತಿ 40ರಿಂದ 60 ಕಿಲೋಮೀಟರಿಗೆ ಒಂದು ಕಡೆ ವಿಶ್ರಾಂತಿ ತಾಣ ಮಾಡಬೇಕು ಅನ್ನುವುದು ಹೆದ್ದಾರಿ ಪ್ರಾಧಿಕಾರದ್ದೇ ಯೋಜನೆ. ಲಾರಿ ನಿಲ್ದಾಣ ಕಟ್ಟಲಿಕ್ಕೆಂದೇ ರಾಜ್ಯ ಸರ್ಕಾರದ್ದೊಂದು ಕಂಪನಿ ಇದೆ, ಡಿ. ದೇವರಾಜ ಅರಸು ಅವರ ಹೆಸರಿನಲ್ಲಿ. ಬೆಂಗಳೂರಿನ ಯಶವಂತಪುರದ ಟ್ರಕ್ ಟರ್ಮಿನಲ್ ಅದರದ್ದೇ. ಮಾಸ್ಟರ್ ಪ್ಲಾನ್‌ನಲ್ಲಿ ಸಾರಿಗೆಗೆ ಅಂತ ಬೇರೆ ಬಣ್ಣವೇ ಇದೆ. ಆ ಬಣ್ಣದ ಜಾಗ ಬಿಟ್ಟು, ಕೈಗಾರಿಕಾ ಪ್ರದೇಶ ಬಿಟ್ಟು, ಹಳದಿಗೇ ಬರಬೇಕು ಅಂತ ಯಾಕೆ ಹಟ? ಹಳದಿ ಜಾಗ ಅಗ್ಗಕ್ಕೆ ಸಿಕ್ಕಿತು, ಬಣ್ಣ ಬದಲಾಯಿಸಿಕೊಂಡರೆ ಬೆಲೆ ಏರುತ್ತದೆ. ಇದಕ್ಕಿಂತ ಬೇರೆ ಉತ್ತರ ಇದ್ದರೆ ಹೇಳಲಿ, ಕೇಳಲು ತಯಾರಿದ್ದೇವೆ.

ಇನ್ನು ಕಾನೂನು. ಇದನ್ನು ನಾನು ಈ ಒಂದು ವಾರದಲ್ಲಿ ಕಲಿತದ್ದು, ವಕೀಲ ಅಲ್ಲ. ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು ಒಂದು, ಅದನ್ನು ನಾವೆಲ್ಲ ಡಿಸಿ ಕನ್ವರ್ಷನ್ ಅನ್ನುತ್ತೇವೆ. ಮಾಸ್ಟರ್ ಪ್ಲಾನ್‌ನಲ್ಲಿ ಗೊತ್ತುಮಾಡಿದ ಬಳಕೆಯನ್ನು ಬದಲಾಯಿಸುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡು, "ಕನ್ವರ್ಷನ್ ಆಗಿದೆಯಂತೆ, ಇನ್ನೇನು ಮಾಡೋಕಾಗಲ್ಲ" ಅಂತ ಕೈಚೆಲ್ಲುವವರು ತುಂಬಾ ಜನ. ಈ ಎರಡನೆಯದು ಬರುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 14-ಎ ಕಲಮಿನಲ್ಲಿ. ಅದರ ಪ್ರಕಾರ ಬದಲಾವಣೆಗೆ ಸರ್ಕಾರದ ಒಪ್ಪಿಗೆ ಮೊದಲೇ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು, ಆ ಭಾಗದಲ್ಲಿ ಪ್ರಸಾರ ಇರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಸಮಯ 15 ದಿನಕ್ಕೆ ಕಡಿಮೆ ಇರಬಾರದು ಅಂತ ಇದೆಯೇ ಹೊರತು 15 ದಿನವೇ ಅಂತ ಇಲ್ಲ. 30 ಕೊಡಬಹುದಿತ್ತು, 45 ಕೊಡಬಹುದಿತ್ತು. ಕೊಡಲಿಲ್ಲ. ಮತ್ತೆ ಸಾರ್ವಜನಿಕ ಹಿತ ಅಂದರೆ ಯಾರ ಹಿತ ಅನ್ನುವ ಒಂದು ಸಾಲು ವಿವರಣೆಯೂ ಆ ಬೆಂಕಿಪೊಟ್ಟಣದೊಳಗೆ ಇರಲಿಲ್ಲ.

"ನಿಮ್ಮ ಜಾಗ ಅಲ್ಲವಲ್ಲ, ನೀವ್ಯಾರು ಕೇಳೋಕೆ?" ಅಂತ ಕಚೇರಿಯಲ್ಲಿ ಒಬ್ಬರು ಅಂದರು. ಈ ಮಾತಿಗೆ ಐವತ್ತು ವರ್ಷದ ಹಿಂದೆಯೇ ನಮ್ಮ ಉಡುಪಿಯಿಂದ ಉತ್ತರ ಹೋಗಿದೆ. ಅಲ್ಲಿ ಕಲ್ಯಾಣ ಮಂಟಪಕ್ಕೆ ಅಂತ ಇದ್ದ ಜಾಗದಲ್ಲಿ ಸಿನಿಮಾ ಥಿಯೇಟರ್ ಕಟ್ಟಲು ಪುರಸಭೆ ಒಪ್ಪಿತ್ತು. ಅಕ್ಕಪಕ್ಕ ಮನೆಗಳು. ರಾಮದಾಸ ಶೆಣೈ ಅನ್ನುವ ನಿವಾಸಿ ಸುಪ್ರೀಂ ಕೋರ್ಟ್ ತನಕ ಹೋದರು. 1974ರಲ್ಲಿ ಕೋರ್ಟು ಪುರಸಭೆಯ ಒಪ್ಪಿಗೆ ನಿಲ್ಲುವುದಿಲ್ಲ ಅಂದಿತು, ಯೋಜನೆಗೆ ವಿರುದ್ಧವಾಗಿ ವಸತಿ ಪ್ರದೇಶದಲ್ಲಿ ಥಿಯೇಟರ್ ಬಂದರೆ ಅಲ್ಲಿ ವಾಸ ಮಾಡುವವರ ಹಕ್ಕಿಗೆ ಪೆಟ್ಟು ಬೀಳುತ್ತದೆ ಅಂತಲೂ ಹೇಳಿತು. ಥಿಯೇಟರ್ ಆದರೂ ಸೆಕೆಂಡ್ ಶೋ ಮುಗಿದ ಮೇಲೆ ಬಾಗಿಲು ಹಾಕುತ್ತದೆ! ಆಮೇಲೆ ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗಲೂ ಬಡಾವಣೆಯವರೇ ಕೋರ್ಟಿಗೆ ಹೋದರು, ಮುದ್ದಪ್ಪ ಕೇಸ್ ಅಂತ ಹೆಸರಾಗಿದೆ. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಕಾನೂನಿಗೆ ವಿರುದ್ಧ ಅಂದಿತು, ಪ್ರಶ್ನೆ ಮಾಡುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಅಂದಿತು. ಎರಡೂ ನಮ್ಮ ರಾಜ್ಯದ ಕೇಸುಗಳೇ. ಕಚೇರಿಯವರಿಗೆ ಗೊತ್ತಿರಬೇಕಿತ್ತು.

ನಮ್ಮಲ್ಲೂ ಎಲ್ಲರೂ ಒಂದೇ ಮಾತಲ್ಲಿ ಇದ್ದಾರೆ ಅಂತ ಸುಳ್ಳು ಹೇಳುವುದಿಲ್ಲ. ಮೂಲೆ ಸೈಟಿನ ಇಬ್ಬರು ಸಹಿ ಹಾಕಲಿಲ್ಲ. ಲಾರಿ ಸ್ಟ್ಯಾಂಡ್ ಬಂದರೆ ಕೆಳಗೆ ಅಂಗಡಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬಹುದು ಅನ್ನುವುದು ಅವರ ಲೆಕ್ಕ. ಅದು ಅವರ ಇಷ್ಟ, ಜಗಳ ಮಾಡಿಲ್ಲ. ಇನ್ನೊಬ್ಬರು, "ಹೆದ್ದಾರಿ ಪಕ್ಕ ಸೈಟ್ ತಗೊಂಡವರು ಸದ್ದು ಅಂತ ಅಳಬಾರದು" ಅಂದರು. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಒಪ್ಪುತ್ತೇನೆ. ಹೆದ್ದಾರಿಯ ಸದ್ದು ನಮಗೆ ಅಭ್ಯಾಸ ಆಗಿದೆ, ಅದರ ಬಗ್ಗೆ ಈ ಪತ್ರದಲ್ಲಿ ಒಂದು ಸಾಲೂ ದೂರಿಲ್ಲ. ಆದರೆ ಹೆದ್ದಾರಿ ಅಲ್ಲಿದೆ ಅಂತ ಗೊತ್ತಿದ್ದೇ ಬಂದೆವು, ನಕ್ಷೆಯಲ್ಲಿ ಇತ್ತು. ಲಾರಿ ಸ್ಟ್ಯಾಂಡ್ ನಕ್ಷೆಯಲ್ಲಿ ಇರಲಿಲ್ಲ.

ಆಕ್ಷೇಪಣೆಗೆ ಇನ್ನು ಕೆಲವೇ ದಿನ ಇದೆ. ಒಂದೇ ಅರ್ಜಿಗೆ ಎಲ್ಲರೂ ಸಹಿ ಹಾಕುವ ಬದಲು ಮನೆಗೊಂದು ಬೇರೆ ಬೇರೆ ಪತ್ರ ಬರೆದಿದ್ದೇವೆ, ಅವರವರ ಕಷ್ಟ ಅವರವರ ಮಾತಿನಲ್ಲಿ. ಸರ್ವೆ ನಂಬರ್, ಪ್ರಕಟಣೆಯ ದಿನಾಂಕ ಎಲ್ಲದರಲ್ಲೂ ಇದೆ. ತೀರ್ಮಾನಕ್ಕೆ ಮುಂಚೆ ನಮ್ಮನ್ನು ಕರೆದು ಕೇಳಬೇಕು, ಗೇಟು ಮತ್ತು ಬಂಕಿನ ಅಳತೆ ಇರುವ ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು ಅಂತ ಕೇಳಿದ್ದೇವೆ. ನಾಡಿದ್ದು ಸೋಮವಾರ ಹತ್ತೂವರೆಗೆ ಎಲ್ಲ ಒಟ್ಟಿಗೆ ಹೋಗಿ ಕೊಡುತ್ತೇವೆ. ಪ್ರತಿ ಪತ್ರಕ್ಕೂ ಒಂದೊಂದು ಜೆರಾಕ್ಸ್ ಪ್ರತಿ ಇಟ್ಟುಕೊಂಡಿದ್ದೇವೆ, ಅದರ ಮೇಲೆ ಸೀಲು, ಸಹಿ, ತಾರೀಕು ಬೀಳುವ ತನಕ ಕೌಂಟರ್ ಬಿಟ್ಟು ಕದಲುವುದಿಲ್ಲ ಅಂತ ಮೇಷ್ಟ್ರು ಈಗಾಗಲೇ ಎಲ್ಲರಿಗೂ ತಾಕೀತು ಮಾಡಿದ್ದಾರೆ. ಅವರದ್ದು ಅತಿ ಉದ್ದದ ಪತ್ರ, ಏಳು ಪುಟ, ಅದರಲ್ಲಿ ಅರ್ಧ ಪುಟ ಪ್ರಕಟಣೆಯಲ್ಲಿದ್ದ ಕಾಗುಣಿತ ತಪ್ಪುಗಳ ಬಗ್ಗೆಯೇ ಇದೆ.

ಈ ಪತ್ರವನ್ನು ಆ ಪ್ರಕಟಣೆಗಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕುತ್ತೀರಿ ಅಂದುಕೊಂಡಿದ್ದೇನೆ.

ಇಂತಿ,
ಬಡಾವಣೆಯ ಒಬ್ಬ ನಿವಾಸಿ